ಒಂದು ಪ್ರೋಗ್ರಾಮಿನಲ್ಲಿ ಮಾತ್ರ ಸ್ಕ್ರೀನ್ ಕಪ್ಪಾದರೆ, ಮಿಣುಕಿದರೆ: ಗ್ರಾಫಿಕ್ಸ್ ಆಕ್ಸಿಲರೇಶನ್ ದೋಷ ಹುಡುಕುವ ಬಗೆ

ನಮ್ಮ ಬೀದಿಯ ಗಣಿತದ ಮೇಷ್ಟ್ರು ಹತ್ತನೇ ತರಗತಿಯ ಮಕ್ಕಳಿಗಾಗಿ ಪಾಠದ ವಿಡಿಯೊ ಮಾಡುತ್ತಾರೆ. ಒಂದು ಸಂಜೆ ಲ್ಯಾಪ್‌ಟಾಪ್ ಎತ್ತಿಕೊಂಡು ನನ್ನ ಅಂಗಡಿಗೆ ಬಂದರು. “ನೋಡಪ್ಪ, ರೆಕಾರ್ಡ್ ಮಾಡಿದ್ರೆ ನನ್ನ ದನಿ ಬರುತ್ತೆ, ಮೌಸಿನ ಬಾಣ ಓಡಾಡುತ್ತೆ, ಹಿಂದಿನ ಸ್ಕ್ರೀನ್ ಮಾತ್ರ ಕಪ್ಪು. ಯಾರೋ ಹೇಳಿದ್ರು ಅಂತ ಹಾರ್ಡ್‌ವೇರ್ ಆಕ್ಸಿಲರೇಶನ್ ಅನ್ನೋದನ್ನ ಕಂಡಕಂಡ ಕಡೆ ಆಫ್ ಮಾಡಿಬಿಟ್ಟೆ. ಈಗ ಬ್ರೌಸರಲ್ಲಿ ವಿಡಿಯೊ ತಡವರಿಸ್ತಿದೆ, ಫ್ಯಾನ್ ಒಂದೇ ಸಮ ಕೂಗ್ತಿದೆ. ಆ ಕಪ್ಪು ಹಾಗೇ ಇದೆ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಆಗಿತ್ತು. ದೋಷ ಇದ್ದದ್ದು ರೆಕಾರ್ಡಿಂಗ್ ಪ್ರೋಗ್ರಾಂ ಒಂದರಲ್ಲಿ. ಅದೂ ಆಕ್ಸಿಲರೇಶನ್ನಿನ (ಚಿತ್ರದ ಹೊರೆಯನ್ನು ಮುಖ್ಯ ಪ್ರೊಸೆಸರ್, ಅಂದರೆ ಸಿಪಿಯು, ಬದಲು ಗ್ರಾಫಿಕ್ಸ್ ಚಿಪ್ಪಿಗೆ ವಹಿಸುವುದರ) ದೋಷವಲ್ಲ, ಆ ಪ್ರೋಗ್ರಾಂ ತಪ್ಪು ಗ್ರಾಫಿಕ್ಸ್ ಚಿಪ್ಪಿನ ಮೇಲೆ ಕೂತಿತ್ತು, ಅಷ್ಟೆ. ಅದನ್ನು ಬದಲಾಯಿಸಲು ಎರಡು ನಿಮಿಷ ಸಾಕಾಯಿತು. ಅವರು ಆಫ್ ಮಾಡಿದ್ದ ಉಳಿದ ಐದಾರು ಕಡೆ ಹುಡುಕಿ ಮತ್ತೆ ಆನ್ ಮಾಡುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಈ ತರಹದ ಲ್ಯಾಪ್‌ಟಾಪ್‌ಗಳು ನನ್ನ ಮೇಜಿನ ಮೇಲೆ ಮತ್ತೆ ಮತ್ತೆ ಬರುತ್ತವೆ. ಅದಕ್ಕೇ ನಾನು ಹುಡುಕುವ ಕ್ರಮವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ವಿಂಡೋಸ್ 10 ಮತ್ತು 11ಕ್ಕೆ ಇದು ಅನ್ವಯ. ಮೆನುಗಳ ಹೆಸರನ್ನು ಸ್ಕ್ರೀನಿನಲ್ಲಿ ಕಾಣುವ ಇಂಗ್ಲಿಷ್ ಹೆಸರಿನ ಉಚ್ಚಾರದಲ್ಲೇ ಕೊಟ್ಟಿದ್ದೇನೆ, ಹುಡುಕಲು ಸುಲಭವಾಗಲಿ ಎಂದು.

ಎರಡು ಚಿಪ್‌ಗಳ ಮನೆ

ಇವತ್ತಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್ ಕೆಲಸ ಮಾಡುವವು ಎರಡು. ಒಂದು ಪ್ರೊಸೆಸರಿನ ಒಳಗೇ ಇರುವ ಇಂಟೆಲ್ ಅಥವಾ ಎಎಮ್‌ಡಿ ಗ್ರಾಫಿಕ್ಸ್. ಕಡಿಮೆ ಬ್ಯಾಟರಿ ತಿನ್ನುತ್ತದೆ. ಇನ್ನೊಂದು ಪ್ರತ್ಯೇಕ ಚಿಪ್, ಎನ್‌ವಿಡಿಯಾದ್ದೋ ಎಎಮ್‌ಡಿಯದ್ದೋ. ಬಲಶಾಲಿ, ಆದರೆ ಬಿಸಿ. ಎನ್‌ವಿಡಿಯಾ 2010ರಲ್ಲಿ ಆಪ್ಟಿಮಸ್ ಎಂಬ ವ್ಯವಸ್ಥೆ ತಂದಿತು. ಅದರಲ್ಲಿ ಲ್ಯಾಪ್‌ಟಾಪಿನ ಸ್ಕ್ರೀನ್‌ಗೆ ತಂತಿ ಹೋಗಿರುವುದು ಒಳಗಿನ ಚಿಕ್ಕ ಚಿಪ್ಪಿನಿಂದ. ದೊಡ್ಡ ಚಿಪ್ ಚಿತ್ರ ಬರೆದರೂ ಅದನ್ನು ಚಿಕ್ಕದರ ಕೈಗೆ ಕೊಡಬೇಕು, ಚಿಕ್ಕದು ಸ್ಕ್ರೀನಿಗೆ ಮುಟ್ಟಿಸಬೇಕು.

ಮೇಷ್ಟ್ರ ಕಪ್ಪು ಸ್ಕ್ರೀನಿನ ಗುಟ್ಟು ಇಲ್ಲೇ ಇದೆ. ಡೆಸ್ಕ್‌ಟಾಪಿನ ಚಿತ್ರ ಇದ್ದದ್ದು ಚಿಕ್ಕ ಚಿಪ್ಪಿನ ಬಳಿ. ರೆಕಾರ್ಡಿಂಗ್ ಪ್ರೋಗ್ರಾಂ ಓಡುತ್ತಿದ್ದದ್ದು ದೊಡ್ಡದರ ಮೇಲೆ. ತನ್ನ ಬಳಿ ಇಲ್ಲದ ಚಿತ್ರವನ್ನು ಅದು ಎಲ್ಲಿಂದ ಹಿಡಿದೀತು?

ಆಕ್ಸಿಲರೇಶನ್ ಎನ್ನುವುದಕ್ಕೂ ಒಂದೇ ಅರ್ಥವಿಲ್ಲ ಎಂಬುದು ಗೊತ್ತಿದ್ದರೆ ಹುಡುಕಾಟ ಸಲೀಸು. ವಿಂಡೋ ಮತ್ತು ಅಕ್ಷರ ಬರೆಯುವುದು ಒಂದು ಕೆಲಸ, ಒತ್ತಿ ಕಿರಿದು ಮಾಡಿಟ್ಟ ವಿಡಿಯೊವನ್ನು ಬಿಚ್ಚುವುದು (ಡಿಕೋಡ್) ಇನ್ನೊಂದು, ತ್ರೀಡಿ ದೃಶ್ಯ ಕಟ್ಟುವುದು ಮತ್ತೊಂದು. ಚಿಪ್ಪಿನೊಳಗೆ ಇವುಗಳಿಗೆ ಬೇರೆ ಬೇರೆ ವಿಭಾಗಗಳಿವೆ. ವಿಡಿಯೊ ಬಿಚ್ಚುವ ವಿಭಾಗದಲ್ಲಿ ತೊಡಕಿದ್ದರೆ ಅಕ್ಷರ ಚೆನ್ನಾಗಿಯೇ ಕಾಣುತ್ತದೆ, ಸಿನಿಮಾ ಮಾತ್ರ ಹಸಿರು ಚೌಕಗಳಾಗಿ ಒಡೆಯುತ್ತದೆ.

ಸ್ಕ್ರೀನ್‌ಶಾಟ್ ತೆಗೆದು ನೋಡಿ

ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು ನಾನು ಮಾಡುವ ಪರೀಕ್ಷೆ ಇದು. ದೋಷ ಕಣ್ಣ ಮುಂದೆ ಇರುವಾಗಲೇ ಒಂದು ಸ್ಕ್ರೀನ್‌ಶಾಟ್ ತೆಗೆಯಿರಿ. ಅದನ್ನು ಅದೇ ಕಂಪ್ಯೂಟರಿನಲ್ಲಿ ನೋಡಬೇಡಿ, ಫೋನಿಗೆ ಕಳಿಸಿ ನೋಡಿ. ಫೋನಿನಲ್ಲೂ ಆ ಗೆರೆ, ಆ ಕಪ್ಪು ಚೌಕ, ಆ ಅರ್ಧ ಅಳಿಸಿದ ಅಕ್ಷರ ಕಂಡರೆ ಚಿತ್ರ ತಯಾರಾಗುವಾಗಲೇ ಕೆಟ್ಟಿದೆ ಎಂದರ್ಥ: ಪ್ರೋಗ್ರಾಂ, ಅದರ ಆಕ್ಸಿಲರೇಶನ್ ಅಥವಾ ಡ್ರೈವರ್ (ವಿಂಡೋಸಿಗೂ ಚಿಪ್ಪಿಗೂ ನಡುವೆ ಮಾತು ನಡೆಸುವ ತಂತ್ರಾಂಶ) ಕಡೆ ಹುಡುಕಿ. ಫೋನಿನಲ್ಲಿ ಚಿತ್ರ ಶುದ್ಧವಾಗಿದ್ದು ಲ್ಯಾಪ್‌ಟಾಪಿನ ಮೇಲೆ ಮಾತ್ರ ದೋಷ ಕಂಡರೆ, ಚಿತ್ರ ಸರಿಯಾಗಿಯೇ ತಯಾರಾಗಿ ಸ್ಕ್ರೀನ್ ತಲುಪುವ ದಾರಿಯಲ್ಲಿ ಕೆಡುತ್ತಿದೆ. ಆಗ ಕೇಬಲ್, ಪ್ಯಾನೆಲ್, ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಸ್ಕ್ರೀನ್ ಹೊಸದಾಗುತ್ತದೆ ಎಂಬುದು) ಇವನ್ನು ನೋಡಬೇಕು. ಪ್ರೋಗ್ರಾಮಿನ ಟಿಕ್ ತೆಗೆದು ಹಾಕಿ ಉಪಯೋಗವಿಲ್ಲ.

ಕನ್ನಡದಲ್ಲಿ ಬರೆಯುವವರು ಇನ್ನೊಂದು ವ್ಯತ್ಯಾಸ ತಿಳಿದಿರಬೇಕು. ಒತ್ತಕ್ಷರ ಅಕ್ಷರದ ಕೆಳಗೆ ಕೂರದೆ ಪಕ್ಕಕ್ಕೆ ಬಿದ್ದಿದ್ದರೆ, ಸ್ವರಚಿಹ್ನೆಯ ಜೊತೆ ಚುಕ್ಕೆಗಳ ವೃತ್ತ ಕಾಣುತ್ತಿದ್ದರೆ, ಅಥವಾ ‘ನುಡಿ’ ತಂತ್ರಾಂಶದಲ್ಲಿ ಬರೆದ ಹಳೆಯ ಕಡತ ತೆರೆದಾಗ ಸಾಲಿಗೆ ಸಾಲೇ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರವಾಗಿದ್ದರೆ, ಅದಕ್ಕೂ ಗ್ರಾಫಿಕ್ಸ್ ಚಿಪ್ಪಿಗೂ ಯಾವ ಸಂಬಂಧವೂ ಇಲ್ಲ. ಅದು ಫಾಂಟಿನ, ಅಥವಾ ಅಕ್ಷರ ಜೋಡಿಸುವ ತಂತ್ರಾಂಶದ ವಿಷಯ. ಗ್ರಾಫಿಕ್ಸ್ ದೋಷದ ಗುರುತೇ ಬೇರೆ. ‘ಕೃಷ್ಣ’ ಎಂದು ಟೈಪ್ ಮಾಡಿದಾಗ ಕೆಳಗಿನ ಒತ್ತು ಕತ್ತರಿಸಿದಂತೆ ಮಾಯವಾಗಿ, ಪುಟವನ್ನು ಸ್ವಲ್ಪ ಮೇಲೆ ಕೆಳಗೆ ಸರಿಸಿದೊಡನೆ ಮತ್ತೆ ಪೂರ್ತಿ ಕಂಡರೆ, ಅಳಿಸಿದ ಅಕ್ಷರದ ನೆರಳು ಉಳಿದು ವಿಂಡೋ ಚಿಕ್ಕದು ದೊಡ್ಡದು ಮಾಡಿದಾಗ ಹೋದರೆ, ಅದು ಸ್ಕ್ರೀನ್ ಬರೆಯುವಲ್ಲಿನ ದೋಷ. ಸರಿಸಿದಾಗ ಬದಲಾಗುವುದೇ, ಇಲ್ಲವೇ ಎಂಬುದೇ ಇಲ್ಲಿ ಪರೀಕ್ಷೆ. ಇದು ತಿಳಿಯದೆ ಫಾಂಟ್ ಮರುಸ್ಥಾಪನೆ ಮಾಡುತ್ತಾ ಒಂದು ದಿನ ಕಳೆದವರನ್ನು ನೋಡಿದ್ದೇನೆ.

ಇನ್ನೆರಡು ಪ್ರಶ್ನೆ ಕೇಳಿಕೊಳ್ಳಿ. ದೋಷ ಒಂದೇ ಪ್ರೋಗ್ರಾಮಿನಲ್ಲೋ, ಎಲ್ಲದರಲ್ಲೋ? ಚಾರ್ಜರ್ ಹಾಕಿದಾಗಲೂ ಇದೆಯೋ, ಕರೆಂಟ್ ಹೋಗಿ ಬ್ಯಾಟರಿಯ ಮೇಲೆ ಓಡುವಾಗ ಮಾತ್ರವೋ? ಬ್ಯಾಟರಿಗೆ ಇಳಿದೊಡನೆ ಸ್ಕ್ರೀನಿನ ಬೆಳಕು ತನ್ನಷ್ಟಕ್ಕೆ ಏರಿಳಿಯುತ್ತಿದ್ದರೆ, ಬಿಳಿ ಪುಟ ತೆರೆದಾಗ ಒಂದು ತರಹ, ಕಪ್ಪು ಪುಟ ತೆರೆದಾಗ ಇನ್ನೊಂದು ತರಹ ಆದರೆ, ಅದು ದೋಷವೇ ಅಲ್ಲ. ಇಂಟೆಲ್ ಗ್ರಾಫಿಕ್ಸ್ ಕಮಾಂಡ್ ಸೆಂಟರಿನ ಪವರ್ ವಿಭಾಗದಲ್ಲಿ ಡಿಸ್‌ಪ್ಲೇ ಪವರ್ ಸೇವಿಂಗ್ಸ್ ಎಂಬ ಉಳಿತಾಯದ ಏರ್ಪಾಟು ಇರುತ್ತದೆ, ಆಫ್ ಮಾಡಿದರೆ ನಿಲ್ಲುತ್ತದೆ. ಅದರ ಪಕ್ಕದಲ್ಲೇ ಇರುವ ಪ್ಯಾನೆಲ್ ಸೆಲ್ಫ್ ರಿಫ್ರೆಶ್ ಕೂಡ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿಯ ಮೇಲೆ ಮಾತ್ರ ಮಿಣುಕು ತರುತ್ತದೆ.

ಯಾರು ಯಾವ ಚಿಪ್ಪಿನ ಮೇಲೆ?

ಊಹೆ ಮಾಡುವ ಬದಲು ಕಂಪ್ಯೂಟರನ್ನೇ ಕೇಳೋಣ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್ ಪುಟದಲ್ಲಿ ಎಡಗಡೆ ಜಿಪಿಯು 0, ಜಿಪಿಯು 1 ಎಂದು ಕಾಣುತ್ತದೆ. ಜಿಪಿಯು ಅಂದರೆ ಗ್ರಾಫಿಕ್ಸ್ ಚಿಪ್. ಒಂದೊಂದನ್ನೇ ಒತ್ತಿದರೆ ಬಲ ಮೂಲೆಯಲ್ಲಿ ಚಿಪ್ಪಿನ ಹೆಸರು ಬರುತ್ತದೆ. ಸೊನ್ನೆ ಯಾವುದು, ಒಂದು ಯಾವುದು ಎಂದು ಬರೆದಿಟ್ಟುಕೊಳ್ಳಿ. ಆಮೇಲೆ ಡೀಟೇಲ್ಸ್ ಪುಟಕ್ಕೆ ಹೋಗಿ, ಮೇಲಿನ ಶೀರ್ಷಿಕೆಯ ಸಾಲಿನಲ್ಲಿ ಬಲ ಕ್ಲಿಕ್ ಮಾಡಿ, ಸೆಲೆಕ್ಟ್ ಕಾಲಮ್ಸ್ ಒತ್ತಿ, ಜಿಪಿಯು ಮತ್ತು ಜಿಪಿಯು ಎಂಜಿನ್ ಎರಡಕ್ಕೂ ಟಿಕ್ ಹಾಕಿ. ಈಗ ಪ್ರತಿ ಪ್ರೋಗ್ರಾಮಿನ ಮುಂದೆ ಅದು ಯಾವ ಚಿಪ್ಪಿನ ಯಾವ ವಿಭಾಗವನ್ನು ಬಳಸುತ್ತಿದೆ ಎಂದು ಬರುತ್ತದೆ: ಜಿಪಿಯು 0 ತ್ರೀಡಿ, ಜಿಪಿಯು 1 ವಿಡಿಯೊ ಡಿಕೋಡ್, ಹೀಗೆ.

ಇದನ್ನು ನೋಡುವಾಗ ಪ್ರೋಗ್ರಾಂ ಸುಮ್ಮನೆ ತೆರೆದಿದ್ದರೆ ಸಾಲದು. ವಿಡಿಯೊ ಓಡಿಸಿ, ಪುಟ ಸರಿಸಿ, ಚಿತ್ರ ತಿರುಗಿಸಿ. ಕೆಲಸ ಕೊಟ್ಟಾಗಲೇ ಅಂಕಿ ಏಳುತ್ತದೆ. ಡೆಸ್ಕ್‌ಟಾಪ್ ವಿಂಡೋ ಮ್ಯಾನೇಜರ್ ಎಂಬ ಹೆಸರು ಸದಾ ಸ್ವಲ್ಪ ಜಿಪಿಯು ಬಳಸುತ್ತಿರುತ್ತದೆ. ಎಲ್ಲ ವಿಂಡೋಗಳನ್ನೂ ಒಟ್ಟು ಸೇರಿಸಿ ಸ್ಕ್ರೀನಿಗೆ ಕೊಡುವುದು ಅದರ ಕೆಲಸ, ಅದನ್ನು ನಿಲ್ಲಿಸಲು ಹೋಗಬೇಡಿ.

ಟಾಸ್ಕ್ ಮ್ಯಾನೇಜರಿನಲ್ಲಿ ಜಿಪಿಯು ಎಂಬುದೇ ಕಾಣದಿದ್ದರೆ ಡಿವೈಸ್ ಮ್ಯಾನೇಜರ್ ತೆರೆದು ಡಿಸ್‌ಪ್ಲೇ ಅಡಾಪ್ಟರ್ಸ್ ನೋಡಿ. ಅಲ್ಲಿ ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಎಂದಿದ್ದರೆ ನಿಮ್ಮ ಗ್ರಾಫಿಕ್ಸಿಗೆ ಡ್ರೈವರೇ ಇಲ್ಲ. ವಿಂಡೋಸ್ ಹೊಸದಾಗಿ ಹಾಕಿದ ಕಂಪ್ಯೂಟರಿನಲ್ಲಿ ಇದನ್ನು ಪದೇ ಪದೇ ನೋಡುತ್ತೇನೆ. ಮಿಕ್ಕದ್ದನ್ನೆಲ್ಲ ಬಿಟ್ಟು ಮೊದಲು ಡ್ರೈವರ್ ಹಾಕಿ.

ಡೆಸ್ಕ್‌ಟಾಪ್ ಕಂಪ್ಯೂಟರ್ ಆದರೆ ಬಗ್ಗಿ ಕ್ಯಾಬಿನೆಟ್ಟಿನ ಹಿಂಭಾಗ ನೋಡಿ. ಮಾನಿಟರಿನ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ ಹೋಗಿದೆಯೋ, ಮೇಲೆ ಯುಎಸ್‌ಬಿ ಪೋರ್ಟುಗಳ ಪಕ್ಕದಲ್ಲಿರುವ ಮದರ್‌ಬೋರ್ಡಿನ ಪೋರ್ಟಿಗೆ ಹೋಗಿದೆಯೋ? ಸಾವಿರಾರು ರೂಪಾಯಿಯ ಕಾರ್ಡ್ ಹಾಕಿಸಿಕೊಂಡು, ಕೇಬಲ್ ಮದರ್‌ಬೋರ್ಡಿಗೆ ಸಿಕ್ಕಿಸಿ, ಕಾರ್ಡ್ ಕೆಲಸ ಮಾಡುತ್ತಿಲ್ಲ ಎಂದು ಬೇಸರಪಟ್ಟವರು ಎಷ್ಟೋ ಮಂದಿ.

ವಿಂಡೋಸಿನ ಗ್ರಾಫಿಕ್ಸ್ ಪುಟ

ಪ್ರೋಗ್ರಾಂ ಒಂದೊಂದಕ್ಕೆ ಒಂದೊಂದು ಚಿಪ್ ಗೊತ್ತುಮಾಡುವ ಸೌಲಭ್ಯ ವಿಂಡೋಸ್ 10ಕ್ಕೆ 2018ರ ಏಪ್ರಿಲ್ ಅಪ್‌ಡೇಟಿನಲ್ಲಿ ಬಂತು. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಲ್ಲಿ ಕೆಳಗೆ ಗ್ರಾಫಿಕ್ಸ್. ಪಟ್ಟಿಯಲ್ಲಿ ನಿಮ್ಮ ಪ್ರೋಗ್ರಾಂ ಇಲ್ಲದಿದ್ದರೆ ಬ್ರೌಸ್ ಒತ್ತಿ ಅದರ ಇಎಕ್ಸ್ಇ ಕಡತ (ಪ್ರೋಗ್ರಾಮನ್ನು ಓಡಿಸುವ ಕಡತ) ತೋರಿಸಿ. ಮೈಕ್ರೋಸಾಫ್ಟ್ ಸ್ಟೋರಿನಿಂದ ಹಾಕಿದ್ದಾದರೆ ಮೊದಲು ಸ್ಟೋರ್ ಆ್ಯಪ್ ಎಂದು ಆರಿಸಬೇಕು. ಆಪ್ಷನ್ಸ್ ಒತ್ತಿದರೆ ಮೂರು ಆಯ್ಕೆ: ವಿಂಡೋಸೇ ನಿರ್ಧರಿಸಲಿ, ಪವರ್ ಸೇವಿಂಗ್, ಹೈ ಪರ್ಫಾರ್ಮೆನ್ಸ್. ಕೊನೆಯ ಎರಡರ ಜೊತೆ ಚಿಪ್ಪಿನ ಹೆಸರೂ ಬರೆದಿರುತ್ತದೆ. ಆ ಎರಡು ಕಡೆಯೂ ಒಂದೇ ಹೆಸರು ಬಂದರೆ ವಿಂಡೋಸಿಗೆ ಒಂದೇ ಚಿಪ್ ಕಾಣುತ್ತಿದೆ. ಇನ್ನೊಂದರ ಡ್ರೈವರ್ ಇಲ್ಲ, ಅಥವಾ ಬಯಾಸಿನಲ್ಲಿ (ವಿಂಡೋಸಿಗೂ ಮೊದಲು ಓಡುವ, ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಇರುವ ಜಾಗ) ಅದನ್ನು ಮುಚ್ಚಿದ್ದಾರೆ, ಅಥವಾ ಇರುವುದೇ ಒಂದು.

ಇಲ್ಲಿ ಬದಲಾಯಿಸಿದೆ, ಏನೂ ಆಗಲಿಲ್ಲ ಎಂದು ಬರುವವರಲ್ಲಿ ನಾನು ಕಂಡ ಕಾರಣಗಳು ಇವು.

ಪ್ರೋಗ್ರಾಂ ನಿಜಕ್ಕೂ ಮುಚ್ಚಿರುವುದಿಲ್ಲ. ಗುಣಾಕಾರದ ಗುರುತು ಒತ್ತಿದರೂ ಗಡಿಯಾರದ ಪಕ್ಕದ ಮೂಲೆಯಲ್ಲಿ ಅಡಗಿ ಕೂತಿರುತ್ತದೆ. ಹೊಸ ಆಯ್ಕೆ ಜಾರಿಗೆ ಬರುವುದು ಪ್ರೋಗ್ರಾಂ ಪೂರ್ತಿ ನಿಂತು ಮತ್ತೆ ಶುರುವಾದಾಗಲೇ. ಟಾಸ್ಕ್ ಮ್ಯಾನೇಜರಿನಲ್ಲಿ ಅದರ ಹೆಸರು ಪೂರ್ತಿ ಮಾಯವಾದದ್ದು ನೋಡಿ ಆಮೇಲೆ ತೆರೆಯಿರಿ.

ಇನ್ನೊಂದು, ತಪ್ಪು ಇಎಕ್ಸ್ಇ ತೋರಿಸಿರುತ್ತಾರೆ. ಆಟಗಳಲ್ಲಿ ನಾವು ಒತ್ತುವುದು ಲಾಂಚರ್, ಓಡುವುದು ಬೇರೆ ಕಡತ. ತ್ರೀಡಿ ಚಿತ್ರ ಮಾಡುವ ಬ್ಲೆಂಡರಿನಲ್ಲೂ ಬ್ಲೆಂಡರ್ ಲಾಂಚರ್ ಒಂದು, ಬ್ಲೆಂಡರ್ ಇನ್ನೊಂದು. ಜಾವಾದಲ್ಲಿ ಬರೆದ ಪ್ರೋಗ್ರಾಂ ಆದರೆ ಓಡುವ ಕಡತದ ಹೆಸರು ಜಾವಾಡಬ್ಲ್ಯು. ಸಂಶಯವಿದ್ದರೆ ಪ್ರೋಗ್ರಾಂ ಓಡುತ್ತಿರುವಾಗ ಟಾಸ್ಕ್ ಮ್ಯಾನೇಜರಿನಲ್ಲಿ ಹೆಚ್ಚು ಜಿಪಿಯು ತಿನ್ನುತ್ತಿರುವ ಸಾಲಿನ ಮೇಲೆ ಬಲ ಕ್ಲಿಕ್ ಮಾಡಿ ಓಪನ್ ಫೈಲ್ ಲೊಕೇಶನ್ ಒತ್ತಿ. ಆ ಕಡತವನ್ನೇ ಪಟ್ಟಿಗೆ ಸೇರಿಸಿ. ಅಪ್‌ಡೇಟ್ ಆದಾಗಲೆಲ್ಲ ಹೊಸ ಫೋಲ್ಡರಿಗೆ ಹೋಗಿ ಕೂರುವ ಪ್ರೋಗ್ರಾಂಗಳೂ ಇವೆ. ದಾರಿ ಬದಲಾದರೆ ಹಳೆಯ ಆಯ್ಕೆ ಹೊಸ ಕಡತಕ್ಕೆ ಅನ್ವಯವಾಗದು, ಮತ್ತೆ ಸೇರಿಸಬೇಕು.

ಮೂರನೆಯದು, ಪ್ರೋಗ್ರಾಂ ತಾನೇ ಚಿಪ್ ಆರಿಸಿಕೊಳ್ಳುವಂತೆ ಬರೆದಿದ್ದರೆ ವಿಂಡೋಸಿನ ಮಾತು ನಡೆಯುವುದಿಲ್ಲ. ಓಪನ್‌ಜಿಎಲ್ ಎಂಬ ಚಿತ್ರ ಬರೆಯುವ ವ್ಯವಸ್ಥೆ ಬಳಸುವ ಹಳೆಯ ಪ್ರೋಗ್ರಾಂಗಳಿಗೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲಿನ ಮ್ಯಾನೇಜ್ ತ್ರೀಡಿ ಸೆಟ್ಟಿಂಗ್ಸ್ ಒಳಗೆ ಓಪನ್‌ಜಿಎಲ್ ರೆಂಡರಿಂಗ್ ಜಿಪಿಯು ಎಂಬ ಸಾಲನ್ನೂ ನೋಡಿ. ಉಳಿದಂತೆ, ಹೊಸ ವಿಂಡೋಸಿನಲ್ಲಿ ಚಿಪ್ ಯಾವುದೆಂದು ನಿರ್ಧರಿಸುವುದು ವಿಂಡೋಸಿನ ಪುಟವೇ. ಎನ್‌ವಿಡಿಯಾ ಪ್ಯಾನೆಲಿನಲ್ಲಿ ಒಂದು, ವಿಂಡೋಸಿನಲ್ಲಿ ಇನ್ನೊಂದು ಹಾಕಿ ಎರಡರ ನಡುವೆ ಜಗಳ ಹಚ್ಚಬೇಡಿ.

ಅದೇ ಪುಟದಲ್ಲಿ ಹಾರ್ಡ್‌ವೇರ್ ಆಕ್ಸಿಲರೇಟೆಡ್ ಜಿಪಿಯು ಶೆಡ್ಯೂಲಿಂಗ್ ಎಂಬ ಸ್ವಿಚ್ ಕಾಣಬಹುದು. 2020ರ ಮೇ ಅಪ್‌ಡೇಟಿನಲ್ಲಿ ಬಂದದ್ದು. ಹೆಸರು ಒಂದೇ ತರಹ ಇದ್ದರೂ ಬ್ರೌಸರಿನ ಆಕ್ಸಿಲರೇಶನ್ನಿಗೂ ಇದಕ್ಕೂ ಸಂಬಂಧವಿಲ್ಲ. ಚಿಪ್ಪಿನ ಕೆಲಸಗಳ ಸರದಿಯನ್ನು ಯಾರು ನೋಡಿಕೊಳ್ಳಬೇಕು ಎಂಬುದಷ್ಟೇ ಇದರ ವಿಷಯ. ಇಡೀ ಕಂಪ್ಯೂಟರಿಗೆ ಅನ್ವಯಿಸುತ್ತದೆ, ರೀಸ್ಟಾರ್ಟ್ ಮಾಡದೆ ಜಾರಿಗೆ ಬರುವುದಿಲ್ಲ. ರೆಕಾರ್ಡಿಂಗ್ ಮಾಡುವಾಗ ಆಟವೋ ವಿಡಿಯೊವೋ ಜಗ್ಗುತ್ತಿದ್ದರೆ ಒಮ್ಮೆ ಬದಲಾಯಿಸಿ ನೋಡಬಹುದು. ಫಲವಿಲ್ಲದಿದ್ದರೆ ಹಿಂದಿನಂತೆಯೇ ಇಡಿ.

ಬ್ರೌಸರ್

ದೂರುಗಳಲ್ಲಿ ಅರ್ಧ ಬ್ರೌಸರಿನವು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಕ್ರೋಮಿನಲ್ಲಿ ವಿಳಾಸದ ಜಾಗದಲ್ಲಿ ಇಂಗ್ಲಿಷಿನಲ್ಲಿ ಕ್ರೋಮ್, ಕೋಲನ್, ಎರಡು ಓರೆಗೆರೆ, ಜಿಪಿಯು ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಎಡ್ಜಿನಲ್ಲಿ ಕ್ರೋಮ್ ಬದಲು ಎಡ್ಜ್. ಬರುವ ಪುಟದ ಮೇಲ್ತುದಿಯಲ್ಲೇ ಒಂದು ಪಟ್ಟಿ ಇರುತ್ತದೆ: ಕ್ಯಾನ್ವಾಸ್, ಕಂಪೋಸಿಟಿಂಗ್, ವಿಡಿಯೊ ಡಿಕೋಡ್, ವೆಬ್‌ಜಿಎಲ್. ಪ್ರತಿಯೊಂದರ ಮುಂದೆ ಹಾರ್ಡ್‌ವೇರ್ ಆಕ್ಸಿಲರೇಟೆಡ್ ಎಂದು ಹಸಿರಿನಲ್ಲೋ, ಸಾಫ್ಟ್‌ವೇರ್ ಓನ್ಲಿ ಎಂದೋ ಇರುತ್ತದೆ. ಸೆಟ್ಟಿಂಗ್ಸಿನಲ್ಲಿ ಸ್ವಿಚ್ ಆನ್ ಇದ್ದರೂ ಇಲ್ಲಿ ಸಾಫ್ಟ್‌ವೇರ್ ಎಂದು ತೋರಿಸಬಹುದು. ಗ್ರಾಫಿಕ್ಸ್ ನೋಡಿಕೊಳ್ಳುವ ಪ್ರಕ್ರಿಯೆ ಮತ್ತೆ ಮತ್ತೆ ಕುಸಿದು ಬಿದ್ದರೆ ಬ್ರೌಸರ್ ತಾನಾಗಿಯೇ ಸಾಫ್ಟ್‌ವೇರ್ ದಾರಿ ಹಿಡಿಯುತ್ತದೆ. ಅಂಥಾಗ ಸ್ವಿಚ್ಚಿನಲ್ಲಿ ಕೈಯಾಡಿಸಿ ಫಲವಿಲ್ಲ, ಡ್ರೈವರ್ ನೋಡಬೇಕು. ಫೈರ್‌ಫಾಕ್ಸಿನಲ್ಲಿ ಹೆಲ್ಪ್ ಮೆನುವಿನ ಮೋರ್ ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್ ತೆರೆದು ಗ್ರಾಫಿಕ್ಸ್ ಭಾಗದಲ್ಲಿ ಕಂಪೋಸಿಟಿಂಗ್ ಸಾಲು ಓದಿ. ವೆಬ್‌ರೆಂಡರ್ ಎಂದಷ್ಟೇ ಇದ್ದರೆ ಸರಿ. ಜೊತೆಗೆ ಸಾಫ್ಟ್‌ವೇರ್ ಎಂದಿದ್ದರೆ ಚಿಪ್ ಬಳಕೆಯಾಗುತ್ತಿಲ್ಲ. ಅದೇ ಹೆಲ್ಪ್ ಮೆನುವಿನ ಟ್ರಬಲ್‌ಶೂಟ್ ಮೋಡ್ ಆಕ್ಸಿಲರೇಶನ್ನನ್ನೂ ಎಕ್ಸ್‌ಟೆನ್ಶನ್‌ಗಳನ್ನೂ ತಾತ್ಕಾಲಿಕವಾಗಿ ನಿಲ್ಲಿಸಿ ತೆರೆಯುತ್ತದೆ. ಪರೀಕ್ಷೆಗೆ ಅದಕ್ಕಿಂತ ಸುಲಭದ್ದು ಬೇಕಿಲ್ಲ.

ಸ್ವಿಚ್ ಇರುವ ಜಾಗ: ಕ್ರೋಮಿನ ಸೆಟ್ಟಿಂಗ್ಸಿನಲ್ಲಿ ಸಿಸ್ಟಮ್ ಭಾಗ, ಯೂಸ್ ಗ್ರಾಫಿಕ್ಸ್ ಆಕ್ಸಿಲರೇಶನ್ ವೆನ್ ಅವೈಲಬಲ್. ಫೈರ್‌ಫಾಕ್ಸಿನ ಸೆಟ್ಟಿಂಗ್ಸಿನಲ್ಲಿ ಜನರಲ್, ಪರ್ಫಾರ್ಮೆನ್ಸ್. ಅಲ್ಲಿ ಶಿಫಾರಸು ಮಾಡಿದ ಸೆಟ್ಟಿಂಗ್ ಎಂಬ ಟಿಕ್ ತೆಗೆದರೆ ಕೆಳಗೆ ಆಕ್ಸಿಲರೇಶನ್ ಟಿಕ್ ತೆರೆದುಕೊಳ್ಳುತ್ತದೆ. ಕ್ರೋಮ್ ತೆರೆದೊಡನೆ ಇಡೀ ವಿಂಡೋವೇ ಕಪ್ಪಾಗಿ ಸೆಟ್ಟಿಂಗ್ಸ್ ಕಾಣುವುದೇ ಇಲ್ಲ ಎಂದಾದರೆ, ಡೆಸ್ಕ್‌ಟಾಪಿನ ಶಾರ್ಟ್‌ಕಟ್ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಟಾರ್ಗೆಟ್ ಸಾಲಿನ ಕೊನೆಗೆ ಒಂದು ಜಾಗ ಬಿಟ್ಟು ಎರಡು ಅಡ್ಡಗೆರೆ, ಡಿಸೇಬಲ್, ಒಂದು ಅಡ್ಡಗೆರೆ, ಜಿಪಿಯು ಎಂದು ಇಂಗ್ಲಿಷಿನಲ್ಲಿ ಸೇರಿಸಿ ತೆರೆಯಿರಿ. ಕೆಲಸ ಮುಗಿದ ಮೇಲೆ ಆ ಬಾಲವನ್ನು ತೆಗೆಯಲು ಮರೆಯಬೇಡಿ.

ಆಫ್ ಮಾಡಿದಾಗ ದೋಷ ಹೋಯಿತು ಅನ್ನಿ. ಬಹಳ ಮಂದಿ ಅಲ್ಲಿಗೇ ನಿಲ್ಲಿಸುತ್ತಾರೆ; ನನ್ನ ತಕರಾರು ಇರುವುದು ಅಲ್ಲೇ. ಆಫ್ ಮಾಡಿದ್ದರಿಂದ ಗೊತ್ತಾದದ್ದು ದೋಷ ಯಾವ ಕಡೆ ಇದೆ ಎಂಬುದು ಮಾತ್ರ. ಇನ್ನು ಮುಂದೆ ಯೂಟ್ಯೂಬಿನ ವಿಡಿಯೊ ಬಿಚ್ಚುವ ಹೊರೆಯೆಲ್ಲ ಸಿಪಿಯು ಮೇಲೆ. ಫ್ಯಾನ್ ಕೂಗುತ್ತದೆ, ಬ್ಯಾಟರಿ ಬೇಗ ಖಾಲಿ, ಆನ್‌ಲೈನ್ ತರಗತಿಯ ನಡುವೆ ಧ್ವನಿ ಕಡಿದು ಹೋಗುತ್ತದೆ. ಆದ್ದರಿಂದ ಆಕ್ಸಿಲರೇಶನ್ನನ್ನು ಮತ್ತೆ ಆನ್ ಮಾಡಿ, ವಿಂಡೋಸಿನ ಗ್ರಾಫಿಕ್ಸ್ ಪುಟದಲ್ಲಿ ಬ್ರೌಸರನ್ನು ಇನ್ನೊಂದು ಚಿಪ್ಪಿಗೆ ಹಾಕಿ ನೋಡಿ. ಸಾಮಾನ್ಯವಾಗಿ ಪವರ್ ಸೇವಿಂಗ್ ಆರಿಸಿದರೆ ಬ್ರೌಸರಿನ ಮಿಣುಕು ನಿಲ್ಲುತ್ತದೆ, ಏಕೆಂದರೆ ಚಿತ್ರ ಒಂದು ಚಿಪ್ಪಿನಿಂದ ಇನ್ನೊಂದಕ್ಕೆ ದಾಟುವ ಅಗತ್ಯವೇ ಇರುವುದಿಲ್ಲ. ಅದಕ್ಕೂ ಬಗ್ಗದಿದ್ದರೆ ಡ್ರೈವರ್ ಬದಲಾಯಿಸಿ. ಇವೆರಡೂ ಆದ ಮೇಲೂ ದೋಷ ಉಳಿದರೆ ಆಗ ಆಫ್ ಮಾಡಿಡಿ.

ಹಳೆಯ ಲ್ಯಾಪ್‌ಟಾಪ್ ಇರುವವರಿಗೆ ಒಂದು ಮಾತು. ಎಲ್ಲ ಚಿಪ್ಪಿಗೂ ಎಲ್ಲ ತರಹದ ವಿಡಿಯೊ ಬಿಚ್ಚಲು ಬರುವುದಿಲ್ಲ. ಯೂಟ್ಯೂಬ್ ಹೆಚ್ಚಾಗಿ ಕೊಡುವುದು ವಿಪಿ9 ಮತ್ತು ಎವಿ1 ಎಂಬ ಎರಡು ತರಹದ ವಿಡಿಯೊ. ಇಂಟೆಲಿನಲ್ಲಿ ವಿಪಿ9 ಪೂರ್ತಿಯಾಗಿ ಚಿಪ್ಪಿನಲ್ಲೇ ಬಿಚ್ಚುವುದು 7ನೇ ಪೀಳಿಗೆಯ ಪ್ರೊಸೆಸರಿನಿಂದ ಈಚೆಗೆ. ಎವಿ1 ಆದರೆ 11ನೇ ಪೀಳಿಗೆಯ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಿಂದ. ಎನ್‌ವಿಡಿಯಾದಲ್ಲಿ ಎವಿ1 ಬಂದದ್ದು ಆರ್‌ಟಿಎಕ್ಸ್ 30 ಸರಣಿಯಲ್ಲಿ. ನಿಮ್ಮದು 4ನೇ ಪೀಳಿಗೆಯದಾದರೆ ಆಕ್ಸಿಲರೇಶನ್ ಆನ್ ಇದ್ದೂ ವಿಡಿಯೊ ಜಗ್ಗುವುದು ದೋಷವಲ್ಲ, ಅದರ ಶಕ್ತಿಯ ಮಿತಿ. ವಿಡಿಯೊದ ಗುಣಮಟ್ಟವನ್ನು 720ಕ್ಕೆ ಇಳಿಸಿದರೆ ನೆಮ್ಮದಿಯಾಗಿ ಓಡುತ್ತದೆ.

ಕಚೇರಿ ಪ್ರೋಗ್ರಾಂಗಳು

ಲಿಬ್ರೆಆಫೀಸಿನಲ್ಲಿ ಟೂಲ್ಸ್, ಆಪ್ಷನ್ಸ್, ಲಿಬ್ರೆಆಫೀಸ್, ವ್ಯೂ. ಅಲ್ಲಿ ಸ್ಕಿಯಾ ಎಂಬ ಹೆಸರಿನ ಎರಡು ಟಿಕ್ ಇವೆ. 2020ರಲ್ಲಿ 7.0 ಆವೃತ್ತಿಯೊಂದಿಗೆ ಬಂದ ಚಿತ್ರ ಬರೆಯುವ ವ್ಯವಸ್ಥೆ ಅದು. ಅಕ್ಷರ ಅರ್ಧ ಅಳಿಸುವುದು, ಪುಟ ಸರಿಸುವಾಗ ಹಳೆಯ ಸಾಲು ಅಂಟಿಕೊಳ್ಳುವುದು ಕಂಡರೆ ಮೊದಲು ಫೋರ್ಸ್ ಸ್ಕಿಯಾ ಸಾಫ್ಟ್‌ವೇರ್ ರೆಂಡರಿಂಗ್ ಟಿಕ್ ಹಾಕಿ ಲಿಬ್ರೆಆಫೀಸನ್ನು ಮುಚ್ಚಿ ಮತ್ತೆ ತೆರೆದು ನೋಡಿ. ಹೋಗಲಿಲ್ಲವೆಂದರೆ ಮಾತ್ರ ಸ್ಕಿಯಾ ಟಿಕ್ಕನ್ನೇ ತೆಗೆಯಿರಿ. ಬರವಣಿಗೆಯ ಪ್ರೋಗ್ರಾಮಿನಲ್ಲಿ ಆಕ್ಸಿಲರೇಶನ್ ಇಲ್ಲದಿದ್ದರೂ ನಷ್ಟ ಕಡಿಮೆ, ಇಲ್ಲಿ ಆಫ್ ಮಾಡಲು ನನ್ನ ಅಡ್ಡಿಯಿಲ್ಲ.

ಮೈಕ್ರೋಸಾಫ್ಟ್ ವರ್ಡ್, ಎಕ್ಸೆಲ್‌ಗಳ ಹಿಂದಿನ ಆವೃತ್ತಿಗಳಲ್ಲಿ ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್, ಡಿಸ್‌ಪ್ಲೇ ಭಾಗದಲ್ಲಿ ಡಿಸೇಬಲ್ ಹಾರ್ಡ್‌ವೇರ್ ಗ್ರಾಫಿಕ್ಸ್ ಆಕ್ಸಿಲರೇಶನ್ ಇದೆ. ಇಲ್ಲಿ ಟಿಕ್ ಹಾಕಿದರೆ ಆಫ್ ಎಂಬುದನ್ನು ಗಮನಿಸಿ, ಬ್ರೌಸರಿಗೆ ತಿರುಗುಮುರುಗು. ಹೊಸ 365 ಆವೃತ್ತಿಗಳಲ್ಲಿ ಈ ಟಿಕ್ ಕಾಣುವುದಿಲ್ಲ. ಆಗ ವಿಂಡೋಸಿನ ಗ್ರಾಫಿಕ್ಸ್ ಪುಟದಲ್ಲಿ ವರ್ಡನ್ನು ಪವರ್ ಸೇವಿಂಗ್‌ಗೆ ಹಾಕುವುದೇ ಸುಲಭದ ಮೊದಲ ಹೆಜ್ಜೆ.

ಚಿತ್ರ, ವಿಡಿಯೊ, ತ್ರೀಡಿ

ಇವು ದೊಡ್ಡ ಚಿಪ್ ಬೇಡುವ ಪ್ರೋಗ್ರಾಂಗಳು, ಹೈ ಪರ್ಫಾರ್ಮೆನ್ಸ್ ಕೊಡಿ. ಫೋಟೋಶಾಪಿನಲ್ಲಿ ಎಡಿಟ್, ಪ್ರಿಫರೆನ್ಸಸ್, ಪರ್ಫಾರ್ಮೆನ್ಸ್ ಒಳಗೆ ಯೂಸ್ ಗ್ರಾಫಿಕ್ಸ್ ಪ್ರೊಸೆಸರ್. ಮದುವೆ ಆಲ್ಬಂ ಮಾಡುವ ಹುಡುಗನೊಬ್ಬ ಕ್ಯಾನ್ವಾಸ್ ತಿರುಗಿಸುವ ಟೂಲ್ ಕೆಲಸ ಮಾಡುತ್ತಿಲ್ಲ, ಟೂಲೇ ಕೆಟ್ಟಿದೆ ಎಂದು ಬಂದಿದ್ದ. ಟೂಲ್ ಕೆಟ್ಟಿರಲಿಲ್ಲ, ಈ ಟಿಕ್ ಹೋಗಿತ್ತು. ಕ್ಯಾನ್ವಾಸ್ ತಿರುಗಿಸುವುದು, ನುಣುಪಾಗಿ ಜೂಮ್ ಆಗುವುದು ಇವೆಲ್ಲ ಚಿಪ್ ಇಲ್ಲದೆ ನಡೆಯುವುದಿಲ್ಲ. ಟಿಕ್ ಮಸುಕಾಗಿ ಒತ್ತಲು ಬಾರದಂತಿದ್ದರೆ ಹೊಸ ಆವೃತ್ತಿಗಳಲ್ಲಿ ಹೆಲ್ಪ್ ಮೆನುವಿನ ಜಿಪಿಯು ಕಂಪ್ಯಾಟಿಬಿಲಿಟಿ ಕಾರಣ ಹೇಳುತ್ತದೆ.

ಬ್ಲೆಂಡರಿನಲ್ಲಿ ಎರಡು ಕಡೆ ಹೇಳಬೇಕು, ಬಹಳ ಜನ ಒಂದು ಕಡೆ ಹೇಳಿ ಕಾಯುತ್ತಾರೆ. ಪ್ರಿಫರೆನ್ಸಸ್ ಒಳಗಿನ ಸಿಸ್ಟಮ್ ಭಾಗದಲ್ಲಿ ಸೈಕಲ್ಸ್ ರೆಂಡರ್ ಡಿವೈಸಸ್ ಕೆಳಗೆ ನಿಮ್ಮ ಕಾರ್ಡಿಗೆ ತಕ್ಕದ್ದನ್ನು ಆರಿಸಿ: ಎನ್‌ವಿಡಿಯಾಗೆ ಕುಡಾ ಅಥವಾ ಆಪ್ಟಿಎಕ್ಸ್, ಎಎಮ್‌ಡಿಗೆ ಹಿಪ್, ಇಂಟೆಲಿಗೆ ಒನ್‌ಎಪಿಐ. ಆಮೇಲೆ ದೃಶ್ಯದ ರೆಂಡರ್ ಪ್ರಾಪರ್ಟೀಸಿನಲ್ಲಿ ಡಿವೈಸ್ ಎಂಬುದನ್ನು ಜಿಪಿಯು ಕಂಪ್ಯೂಟ್ ಮಾಡಿ. ಎರಡನೆಯದು ಬಿಟ್ಟರೆ ಕಾರ್ಡ್ ಸುಮ್ಮನೆ ಕೂತು ಸಿಪಿಯು ಬೆವರುತ್ತದೆ. ಪ್ರೀಮಿಯರ್ ಪ್ರೊದಲ್ಲಿ ಪ್ರಾಜೆಕ್ಟ್ ಸೆಟ್ಟಿಂಗ್ಸಿನ ಜನರಲ್ ಪುಟದಲ್ಲಿ ರೆಂಡರರ್ ನೋಡಿ. ವಿಎಲ್‌ಸಿಯಲ್ಲಿ ಹಸಿರು ಚೌಕ ಕಂಡರೆ ಟೂಲ್ಸ್, ಪ್ರಿಫರೆನ್ಸಸ್, ಇನ್‌ಪುಟ್ ಆ್ಯಂಡ್ ಕೋಡೆಕ್ಸ್ ಒಳಗೆ ಹಾರ್ಡ್‌ವೇರ್ ಡಿಕೋಡಿಂಗ್ ಅನ್ನು ಡಿಸೇಬಲ್ ಮಾಡಿ. ಅದು ಆ ಒಂದು ಪ್ಲೇಯರಿಗೆ ಮಾತ್ರ ತಾಗುತ್ತದೆ.

ಸ್ಕ್ರೀನ್ ರೆಕಾರ್ಡ್ ಮಾಡುವ ಒಬಿಎಸ್ ಇವಕ್ಕೆಲ್ಲ ಅಪವಾದ. ಲ್ಯಾಪ್‌ಟಾಪಿನ ಡಿಸ್‌ಪ್ಲೇ ಕ್ಯಾಪ್ಚರ್ ಕಪ್ಪಾದರೆ ಅದನ್ನು ಸ್ಕ್ರೀನ್ ಯಾವ ಚಿಪ್ಪಿನಲ್ಲಿದೆಯೋ ಅದೇ ಚಿಪ್ಪಿಗೆ, ಅಂದರೆ ಸಾಮಾನ್ಯವಾಗಿ ಪವರ್ ಸೇವಿಂಗ್‌ಗೆ ಹಾಕಿ. ಇಲ್ಲವೇ ಡಿಸ್‌ಪ್ಲೇ ಕ್ಯಾಪ್ಚರಿನ ಪ್ರಾಪರ್ಟೀಸಿನಲ್ಲಿ ಕ್ಯಾಪ್ಚರ್ ಮೆಥಡ್ ಅನ್ನು ವಿಂಡೋಸ್ 10, 1903 ಆ್ಯಂಡ್ ಅಪ್ ಎಂಬುದಕ್ಕೆ ಬದಲಾಯಿಸಿ. ಆಟದ ಗೇಮ್ ಕ್ಯಾಪ್ಚರ್ ಮಾಡುವವರು ಮಾತ್ರ ಒಬಿಎಸ್ಸನ್ನು ಆಟ ಓಡುವ ದೊಡ್ಡ ಚಿಪ್ಪಿನ ಮೇಲೇ ಇಡಬೇಕು.

ಎಲ್ಲ ಪ್ರೋಗ್ರಾಮಿನಲ್ಲೂ ಕಂಡರೆ

ಆಗ ಪ್ರೋಗ್ರಾಂಗಳನ್ನು ಬಿಟ್ಟು ಡ್ರೈವರಿಗೆ ಬನ್ನಿ. ಸ್ಕ್ರೀನ್ ಒಂದು ಕ್ಷಣ ಕಪ್ಪಾಗಿ ಮರಳಿ ಬರುತ್ತಿದ್ದರೆ ಇವೆಂಟ್ ವ್ಯೂವರ್ ತೆರೆದು ವಿಂಡೋಸ್ ಲಾಗ್ಸ್, ಸಿಸ್ಟಮ್ ಒಳಗೆ 4101 ಎಂಬ ಸಂಖ್ಯೆ ಹುಡುಕಿ. ಡ್ರೈವರ್ ಸ್ಪಂದಿಸುವುದು ನಿಂತು ಮತ್ತೆ ಚೇತರಿಸಿಕೊಂಡಿದೆ ಎಂಬ ಅರ್ಥದ ಸಾಲು ಅದು. ಚಿಪ್ 2 ಸೆಕೆಂಡಿಗಿಂತ ಹೆಚ್ಚು ಕಾಲ ಉತ್ತರ ಕೊಡದಿದ್ದರೆ ವಿಂಡೋಸ್ ಅದನ್ನು ರೀಸೆಟ್ ಮಾಡುತ್ತದೆ. ಸಮಯ ನೋಡಿ, ಆ ಹೊತ್ತಿಗೆ ಯಾವ ಪ್ರೋಗ್ರಾಂ ತೆರೆದಿತ್ತು ಎಂದು ನೆನಪು ಮಾಡಿಕೊಳ್ಳಿ. ಪ್ರತಿ ಸಲವೂ ಒಂದೇ ಪ್ರೋಗ್ರಾಂ ಇದ್ದರೆ ಮೇಲಿನ ಭಾಗಕ್ಕೆ ಹಿಂದಿರುಗಿ. ಕಂಪ್ಯೂಟರ್ ಬಿಸಿಯಾದಾಗ ಮಾತ್ರ ಬರುತ್ತಿದ್ದರೆ ಫ್ಯಾನಿನ ಧೂಳು ತೆಗೆಸಿ.

ಸ್ಕ್ರೀನ್ ಹೆಪ್ಪುಗಟ್ಟಿ ನಿಂತು ಕಡತ ಉಳಿಸಲೂ ಆಗದಿದ್ದರೆ, ಪವರ್ ಬಟನ್ ಹಿಡಿದಿಡುವ ಮೊದಲು ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ ನೋಡಿ. ಗ್ರಾಫಿಕ್ಸ್ ಡ್ರೈವರ್ ಮಾತ್ರ ಮತ್ತೆ ಶುರುವಾಗುತ್ತದೆ, ನಿಮ್ಮ ಕೆಲಸ ಉಳಿಯುವ ಸಾಧ್ಯತೆ ಇದೆ.

ನಿನ್ನೆ ಚೆನ್ನಾಗಿತ್ತು, ಅಪ್‌ಡೇಟ್ ಆದ ಮೇಲೆ ಕೆಟ್ಟಿತು ಎಂದಾದರೆ ಡಿವೈಸ್ ಮ್ಯಾನೇಜರಿನಲ್ಲಿ ಆ ಚಿಪ್ಪಿನ ಪ್ರಾಪರ್ಟೀಸ್, ಡ್ರೈವರ್ ಪುಟ, ರೋಲ್ ಬ್ಯಾಕ್ ಡ್ರೈವರ್. ಹೊಸದು ಹಾಕುವುದಾದರೆ ಲ್ಯಾಪ್‌ಟಾಪ್ ಕಂಪನಿಯ ತಾಣದಲ್ಲಿ ನಿಮ್ಮ ಮಾದರಿಗೆ ಕೊಟ್ಟ ಡ್ರೈವರಿನಿಂದ ಶುರು ಮಾಡಿ. ಎರಡು ಚಿಪ್ ಇದ್ದರೆ ಎರಡರದ್ದೂ ಹಾಕಿ. ದೊಡ್ಡದರದ್ದು ಮಾತ್ರ ಹೊಸದು ಮಾಡಿ ಚಿಕ್ಕದರದ್ದನ್ನು ವರ್ಷಗಟ್ಟಲೆ ಮುಟ್ಟದೆ ಬಿಡುವುದನ್ನು ಹೆಚ್ಚಾಗಿ ನೋಡುತ್ತೇನೆ, ಆದರೆ ಸ್ಕ್ರೀನ್ ಇರುವುದೇ ಚಿಕ್ಕದರ ಕೈಯಲ್ಲಿ.

ಕಂಪ್ಯೂಟರ್ ಆನ್ ಮಾಡಿದೊಡನೆ, ವಿಂಡೋಸ್ ಬರುವ ಮೊದಲೇ, ಬಯಾಸ್ ಪುಟದಲ್ಲೇ ಗೆರೆ, ಬಣ್ಣದ ಚುಕ್ಕೆ ಕಂಡರೆ ಈ ಬರಹದ ಯಾವ ಸೆಟ್ಟಿಂಗೂ ನೆರವಾಗದು. ಹೊರಗಿನ ಮಾನಿಟರ್ ಅಥವಾ ಟಿವಿಗೆ ಸಿಕ್ಕಿಸಿ ನೋಡಿ. ಅಲ್ಲಿ ಶುದ್ಧವಾಗಿದ್ದರೆ ಪ್ಯಾನೆಲ್ ಅಥವಾ ಅದರ ಕೇಬಲ್. ಅಲ್ಲೂ ಗೆರೆ ಇದ್ದರೆ ಚಿಪ್ಪಿನ ಮೇಲೆಯೇ ಅನುಮಾನ. ರಿಪೇರಿಗೆ ಕೊಡುವಾಗ ಈ ಒಂದು ಮಾತು ಹೇಳಿದರೆ ಅವರ ಅರ್ಧ ದಿನದ ಕೆಲಸ ಉಳಿಯುತ್ತದೆ, ನಿಮ್ಮ ಹಣವೂ.

ಮೇಷ್ಟ್ರ ಲ್ಯಾಪ್‌ಟಾಪನ್ನು ಹಿಂದಿರುಗಿಸುವಾಗ ಒಂದು ಚೀಟಿಯಲ್ಲಿ ಬರೆದು ಕೊಟ್ಟೆ: ರೆಕಾರ್ಡಿಂಗ್, ಪವರ್ ಸೇವಿಂಗ್. ಬ್ರೌಸರ್, ಪವರ್ ಸೇವಿಂಗ್, ಆಕ್ಸಿಲರೇಶನ್ ಆನ್. ವಿಡಿಯೊ ಎಡಿಟಿಂಗ್, ಹೈ ಪರ್ಫಾರ್ಮೆನ್ಸ್. ಕೆಳಗೆ ತಾರೀಖು ಮತ್ತು ಎರಡೂ ಡ್ರೈವರುಗಳ ಆವೃತ್ತಿ ಸಂಖ್ಯೆ. ಅವರು ಅದನ್ನು ಚಾರ್ಜರಿನ ಚೀಲದೊಳಗೆ ಮಡಿಸಿಟ್ಟುಕೊಂಡರು. ಮುಂದೆ ಅಪ್‌ಡೇಟ್ ಆಗಿ ಮತ್ತೆ ಸ್ಕ್ರೀನ್ ಕಪ್ಪಾದಾಗ ಅಂಗಡಿಗೆ ಬರಲಿಲ್ಲ. ಚೀಟಿ ತೆಗೆದು, ಗ್ರಾಫಿಕ್ಸ್ ಪುಟ ತೆರೆದು, ತಾವೇ ಸರಿಮಾಡಿಕೊಂಡು ಫೋನ್ ಮಾಡಿ ಹೇಳಿದರು.